ಕಸ ಆರಿಸುವ ಕೈಗಳನ್ನು ಕಾಪಾಡೋಣ



ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ತಿಪ್ಪೆಗೆ ದೊಡ್ಡ ಮರ್ಯಾದೆಯುಂಟು. ತಿಪ್ಪೇಸ್ವಾಮಿ, ತಿಪ್ಪಣ್ಣ, ತಿಪ್ಪಮ್ಮ ಎಂಬ ಹೆಸರಿನವರಿಲ್ಲದ ಹಳ್ಳಿ ವಿರಳ. ದೀಪಾವಳಿಯಲ್ಲಿ ತಿಪ್ಪೆಗೆ ಪೂಜೆ ಸಲ್ಲಿಸುವ ಮನೆಗಳೂ ಇವೆ. ಇದಕ್ಕೆ ಕಾರಣವಿಲ್ಲದೆ ಇಲ್ಲ. ಸಗಣಿ, ಗಂಜಲ, ಬೂದಿ, ದನ ತಿಂದುಳಿದ ಮೇವು, ಮನೆಯ ಕಸಕಡ್ಡಿ ಎಲ್ಲವೂ ತಿಪ್ಪೆಯಲ್ಲಿ ಕೊಳೆತು ಗೊಬ್ಬರವಾಗಿ ಹೊಲ ಸೇರುತ್ತಿದ್ದವು. ರಾಗಿಯಾಗಿ, ಜೋಳವಾಗಿ ಮತ್ತೆ ಮನೆಗೆ ಬರುತ್ತಿದ್ದವು. ೧೯೫೨ರ ಅಕ್ಟೋಬರ್ ೨ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದಾಗ ಗ್ರಾಮಸೇವಕರು ಊರೂರಿಗೆ ಬಂದು ಹೇಳಿಕೊಟ್ಟ ಪಾಠಗಳಲ್ಲಿ ಕಾಂಪೋಸ್ಟು ಗುಂಡಿಯ ಪಾಠವೂ ಒಂದಾಗಿತ್ತು. ಆ ತಿಪ್ಪೆಯಲ್ಲಿ ಚೇಳೋ ಹಾವೋ ಇದ್ದೀತೆಂಬ ಭಯವಿತ್ತೇ ಹೊರತು ಬೇರೆ ಹೆದರಿಕೆ ಹೆಚ್ಚಾಗಿ ಇರಲಿಲ್ಲ.

ಇಂದಿನ ಕಸ ಆ ಜಾತಿಯದಲ್ಲ. ಹಾಲಿನ ಕವರು, ಒಡೆದ ಬಾಟಲಿ, ಇಂಜೆಕ್ಷನ್ ಸೂಜಿ, ಮೊಬೈಲಿನ ಬ್ಯಾಟರಿ, ಮಗುವಿನ ಡೈಪರ್, ಹೊಲಕ್ಕೆ ಹೊಡೆದ ಔಷಧಿಯ ಡಬ್ಬಿ ಎಲ್ಲವೂ ಒಂದೇ ಚೀಲದಲ್ಲಿ ಮನೆಯಿಂದ ಹೊರಗೆ ಹೋಗುತ್ತವೆ. ಚೀಲ ಗಾಡಿ ಹತ್ತಿದ ಮೇಲೆ ನಮ್ಮ ಪಾಲಿಗೆ ಅದರ ಕಥೆ ಮುಗಿಯಿತು. ಆದರೆ ಇನ್ನೊಬ್ಬರ ಪಾಲಿಗೆ ಅದು ಆಗ ತಾನೇ ಆರಂಭವಾಗುತ್ತದೆ. ಆ ಚೀಲದ ಗಂಟನ್ನು ಯಾರೋ ಒಬ್ಬರು ಬಿಚ್ಚಬೇಕು. ಒಳಗಿರುವುದನ್ನು ಕೈಯಿಂದ ಆರಿಸಬೇಕು. ಆ ಕೈಗಳ ವಿಚಾರವನ್ನು ಇಲ್ಲಿ ತಿಳಿಸಲಾಗಿದೆ.

ಕಸದ ಷೆಡ್ಡು ಎಂದರೇನು?

೨೦೧೪ರ ಅಕ್ಟೋಬರ್ ೨ರಂದು ಸ್ವಚ್ಛ ಭಾರತ ಆಂದೋಲನ ಆರಂಭವಾಯಿತು. ಮೊದಲು ಕಕ್ಕಸುಗಳ ಕೆಲಸ, ಅನಂತರ ಕಸದ ಕೆಲಸ ಹಳ್ಳಿಗಳಿಗೆ ಬಂದಿತು. ಕರ್ನಾಟಕದ ಗ್ರಾಮ ಪಂಚಾಯಿತಿಗಳು ಕಸ ವಿಂಗಡಿಸುವುದಕ್ಕಾಗಿ ಕಟ್ಟಿದ ಷೆಡ್ಡಿಗೆ ‘ಸ್ವಚ್ಛ ಸಂಕೀರ್ಣ’ ಎಂದು ಹೆಸರು. ಮನೆ ಮನೆಗೆ ಬರುವ ಗಾಡಿಗೆ ‘ಸ್ವಚ್ಛ ವಾಹಿನಿ’ ಎಂದು ಹೆಸರು. ಅನೇಕ ಪಂಚಾಯಿತಿಗಳಲ್ಲಿ ಗಾಡಿ ನಡೆಸುವವರೂ ಕಸ ವಿಂಗಡಿಸುವವರೂ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳೇ ಆಗಿದ್ದಾರೆ. ಅವರು ಬೇರೆಲ್ಲಿಂದಲೋ ಬಂದವರಲ್ಲ. ನಿಮ್ಮ ಊರಿನ ಅಕ್ಕ ತಂಗಿಯರು, ನಿಮ್ಮ ಸೊಸೆಯಂದಿರು. ಕಳೆ ತೆಗೆಯಲು, ಈರುಳ್ಳಿ ಕೊಯ್ಯಲು ನಿಮ್ಮ ಹೊಲಕ್ಕೆ ಬಂದವರೂ ಅವರಲ್ಲಿ ಇದ್ದಾರು.

ಷೆಡ್ಡಿನ ಕೆಲಸ ಹೀಗೆ ನಡೆಯುತ್ತದೆ. ಗಾಡಿ ಬಂದು ಕಸವನ್ನು ನೆಲದ ಮೇಲೆ ಸುರಿಯುತ್ತದೆ. ಕೆಲಸಗಾರರು ಕಾಗದ, ರಟ್ಟು, ಬಾಟಲಿ, ತಗಡು, ಪ್ಲಾಸ್ಟಿಕ್ ಎಂದು ಬೇರೆ ಬೇರೆ ರಾಶಿ ಮಾಡುತ್ತಾರೆ. ಬೆಲೆ ಬರುವುದು ಗುಜರಿಗೆ ಹೋಗುತ್ತದೆ. ಬೆಲೆ ಬಾರದ ಪ್ಲಾಸ್ಟಿಕ್ಕನ್ನು ಯಂತ್ರದಲ್ಲಿ ಒತ್ತಿ, ಹುಲ್ಲಿನ ಪಿಂಡಿಯಂತೆ ಕಟ್ಟಿ, ದೊಡ್ಡ ಲಾರಿಗೆ ತುಂಬಿ ಮುಂದಕ್ಕೆ ಕಳುಹಿಸುತ್ತಾರೆ. ಪಟ್ಟಣಗಳಲ್ಲಿ ಚಿಕ್ಕ ಗಾಡಿಗಳ ಕಸವನ್ನು ದೊಡ್ಡ ಲಾರಿಗಳಿಗೆ ಬದಲಾಯಿಸುವ ಜಾಗಗಳಲ್ಲೂ ಇದೇ ಬಗೆಯ ಕೆಲಸ, ಇದೇ ಬಗೆಯ ಅಪಾಯ. ಸುರಿಯುವುದು, ಆರಿಸುವುದು, ಒತ್ತುವುದು, ಎತ್ತುವುದು, ಈ ನಾಲ್ಕರಲ್ಲಿ ಪ್ರತಿಯೊಂದಕ್ಕೂ ತನ್ನದೇ ಆದ ಅಪಾಯವಿದೆ.

ಅಲ್ಲಿ ಏನೇನು ಅಪಾಯಗಳಿವೆ?

೧. ಚುಚ್ಚುವುದು, ಕೊಯ್ಯುವುದು. ಗಾಜಿನ ಚೂರು, ಬ್ಲೇಡು, ತುಕ್ಕು ಹಿಡಿದ ತಗಡು, ಸೂಜಿ. ಸಕ್ಕರೆ ಕಾಯಿಲೆಯವರು ಮನೆಯಲ್ಲೇ ಇನ್ಸುಲಿನ್ ಚುಚ್ಚಿಕೊಳ್ಳುವ ಕಾಲವಿದು. ದನಕ್ಕೆ ಚುಚ್ಚಿದ ಸೂಜಿಯೂ ಕೊಟ್ಟಿಗೆಯಿಂದ ಕಸಕ್ಕೆ ಬೀಳುತ್ತದೆ. ಇಂಥ ಗಾಯದಿಂದ ಧನುರ್ವಾಯು ಬರಬಹುದು. ಮನುಷ್ಯರಿಗೆ ಬಳಸಿದ ಸೂಜಿಯಾದರೆ ಕಾಮಾಲೆಯ ವಿಷಾಣುಗಳಾದ ಹೆಪಟೈಟಿಸ್ ಬಿ ಮತ್ತು ಸಿ, ಹಾಗೂ ಎಚ್.ಐ.ವಿ. ಅಂಟುವ ಭಯವೂ ಉಂಟು.

೨. ವಿಷ. ಇದನ್ನು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಹಿರಿಯೂರಿನ ದಾಳಿಂಬೆ, ಚಿತ್ರದುರ್ಗದ ಈರುಳ್ಳಿ, ಹೊಸದುರ್ಗದ ತೆಂಗು, ಹೊಳಲ್ಕೆರೆಯ ಅಡಿಕೆ, ಯಾವ ಬೆಳೆಗೆ ಎಷ್ಟು ಸಲ ಔಷಧಿ ಹೊಡೆಯುತ್ತೀರೆಂಬುದು ನಿಮಗೇ ಗೊತ್ತು. ನಾವು ಅದನ್ನು ಔಷಧಿ ಎಂದು ಕರೆದರೂ ಅದು ವಿಷವೇ. ಖಾಲಿಯಾಯಿತೆಂದು ಎಸೆದ ಬಾಟಲಿಯ ತಳದಲ್ಲಿ ಒಂದಿಷ್ಟು ಉಳಿದೇ ಇರುತ್ತದೆ. ಷೆಡ್ಡಿನಲ್ಲಿ ಅದರ ಮುಚ್ಚಳ ತೆಗೆದವರ ಕೈಗೆ ಅದು ಹತ್ತುತ್ತದೆ. ಕೆಲವು ವಿಷಗಳು ಚರ್ಮದ ಮೂಲಕವೇ ಮೈಯೊಳಗೆ ಇಳಿಯುತ್ತವೆ.

೩. ಧೂಳು ಮತ್ತು ಹೊಗೆ. ಒಣ ಕಸ ಸುರಿದಾಗ ಏಳುವ ಧೂಳಿನಲ್ಲಿ ಮಣ್ಣು ಮಾತ್ರ ಇರುವುದಿಲ್ಲ. ಬೂಷ್ಟು, ಒಣಗಿದ ಕಫ, ಇಲಿಯ ಹಿಕ್ಕೆಯ ಪುಡಿ ಇವೂ ಸೇರಿರುತ್ತವೆ. ಇವು ದಿನವೂ ಎದೆಗೆ ಹೋದರೆ ಕೆಮ್ಮು, ಉಬ್ಬಸ ನಿಲ್ಲುತ್ತವೆ. ಪ್ಲಾಸ್ಟಿಕ್ ಸುಟ್ಟ ಹೊಗೆ ಇದಕ್ಕಿಂತಲೂ ಕೆಟ್ಟದ್ದು.

೪. ಇಲಿ, ನಾಯಿ, ಹಾವು. ಹಸಿ ಕಸ ಇದ್ದಲ್ಲಿ ಇಲಿ ಸೇರುತ್ತದೆ. ಇಲಿ ಇದ್ದಲ್ಲಿ ಹಾವು ಬರುತ್ತದೆ. ಇಲಿಯ ಮೂತ್ರ ಬೆರೆತ ನೀರು ಕಾಲಿನ ಸಣ್ಣ ಗಾಯಕ್ಕೆ ತಾಗಿದರೂ ಇಲಿಜ್ವರ ಬರಬಹುದು. ಜ್ವರ, ಮೀನಖಂಡದ ನೋವು, ಕೆಂಪೇರಿದ ಕಣ್ಣು ಇದರ ಗುರುತು. ಅಲಕ್ಷ್ಯ ಮಾಡಿದರೆ ಮೂತ್ರಪಿಂಡ, ಪಿತ್ತಜನಕಾಂಗಗಳು ಕೆಡುತ್ತವೆ.

೫. ಯಂತ್ರ ಮತ್ತು ಗಾಡಿ. ಒಕ್ಕಣೆ ಯಂತ್ರಕ್ಕೆ ಸೆರಗು ಸಿಕ್ಕಿದರೆ ಏನಾಗುತ್ತದೆಂಬುದನ್ನು ಹಳ್ಳಿಯವರಿಗೆ ಹೇಳಬೇಕಾಗಿಲ್ಲ. ಕಸ ಒತ್ತುವ ಯಂತ್ರವೂ ಅಂಥದೇ. ಲಾರಿ ಹಿಂದಕ್ಕೆ ಬರುವಾಗ ಅದರ ಹಿಂಬದಿಯಲ್ಲಿ ಬಗ್ಗಿ ಕೆಲಸ ಮಾಡುತ್ತಿರುವವರು ಚಾಲಕನ ಕಣ್ಣಿಗೆ ಬೀಳುವುದಿಲ್ಲ.

೬. ಬೆಂಕಿ. ಒಲೆಯಿಂದ ಗೋರಿದ ಬೂದಿಯಲ್ಲಿ ಅಡಗಿದ ಕೆಂಡ, ಆರಿಸದ ಬೀಡಿ ತುಂಡು, ಜಜ್ಜಿಹೋದ ಮೊಬೈಲ್ ಬ್ಯಾಟರಿ, ಇವುಗಳಲ್ಲಿ ಒಂದು ಸಾಕು. ಕಾಗದ ಮತ್ತು ಪ್ಲಾಸ್ಟಿಕ್ ತುಂಬಿದ ಷೆಡ್ಡು ಹುಲ್ಲಿನ ಬಣವೆಯಂತೆ ಹೊತ್ತಿಕೊಳ್ಳುತ್ತದೆ.

೭. ಗುಂಡಿಯ ಗಾಳಿ. ಕಸದ ರಸ ಇಳಿಯುವ ಗುಂಡಿಯಲ್ಲೂ ಶೌಚದ ಗುಂಡಿಯಲ್ಲೂ ವಿಷಗಾಳಿ ನಿಲ್ಲುತ್ತದೆ. ಹಾಳುಬಾವಿಗೆ ಇಳಿದವನು ಮೇಲೆ ಬರಲಿಲ್ಲವೆಂದು ಅವನನ್ನು ಎತ್ತಲು ಹೋದವನೂ ಬಾರದೆ ಹೋದ ಸಂಗತಿಗಳನ್ನು ನೀವು ಕೇಳಿದ್ದೀರಿ. ಇಲ್ಲಿಯೂ ಹಾಗೆಯೇ. ೨೦೧೩ರ ಕಾಯಿದೆಯ ಪ್ರಕಾರ ರಕ್ಷಣಾ ಸಾಮಗ್ರಿ ಇಲ್ಲದೆ ಯಾರನ್ನೂ ಶೌಚದ ಗುಂಡಿಗೆ ಅಥವಾ ಒಳಚರಂಡಿಗೆ ಇಳಿಸುವುದು ಅಪರಾಧ.

ಕೈಗವಸು ಒಂದೇ ಸಾಲದು

ಕೈಗವಸು, ಮುಖಗವಸು ಕೊಟ್ಟರೆ ಆಯಿತು, ಇನ್ನು ಅವರ ಜವಾಬ್ದಾರಿ ಎಂದು ಅನೇಕರು ತಿಳಿಯುತ್ತಾರೆ. ಇದು ತಪ್ಪು ತಿಳಿವಳಿಕೆ. ಹೊಲಕ್ಕೆ ಬೇಲಿ ಹಾಕದೆ, ದನ ನುಗ್ಗಿದ ಮೇಲೆ ಕಾವಲುಗಾರನನ್ನು ಬೈದರೆ ಬೆಳೆ ಉಳಿಯುವುದಿಲ್ಲ. ಕಸದ ಕೆಲಸದಲ್ಲಿ ಬೇಲಿ ಯಾವುದೆಂದರೆ ಮನೆಯಲ್ಲಿ ಬೇರ್ಪಡಿಸುವುದು. ಕೈಗವಸು ಕಾವಲುಗಾರನಿದ್ದಂತೆ. ದಪ್ಪ ರಬ್ಬರಿನ ಕೈಗವಸು ಗಾಜಿನ ತರಚು ತಡೆಯುತ್ತದೆ. ನೇರವಾಗಿ ಚುಚ್ಚಿದ ಸೂಜಿಯನ್ನು ತಡೆಯಲಾರದು. ಸೂಜಿ ಷೆಡ್ಡಿಗೆ ಬಾರದಿದ್ದರೆ ಮಾತ್ರ ಕೈ ನಿಜವಾಗಿ ಉಳಿಯುತ್ತದೆ. ಆದುದರಿಂದ ಷೆಡ್ಡಿನ ಕೆಲಸಗಾರರ ರಕ್ಷಣೆ ಆರಂಭವಾಗುವುದು ಷೆಡ್ಡಿನಲ್ಲಲ್ಲ, ನಿಮ್ಮ ಮನೆಯ ಹಿತ್ತಲಿನಲ್ಲಿ.

ಮನೆಯವರು ಮಾಡಬೇಕಾದ ಕೆಲಸ

ಕಸವನ್ನು ನಾಲ್ಕು ಪಾಲು ಮಾಡಿ.

ಮೊದಲನೆಯದು ಹಸಿ ಕಸ. ಇದನ್ನು ಗಾಡಿಗೆ ಕೊಡುವುದಕ್ಕಿಂತ ನಿಮ್ಮ ತಿಪ್ಪೆಗೇ ಹಾಕುವುದು ಲಾಭಕರ. ತರಕಾರಿ ಸಿಪ್ಪೆ, ಉಳಿದ ಅನ್ನ, ಎಲೆ ಗೊಬ್ಬರವಾಗುತ್ತವೆ. ಹಸಿ ಕಸ ಷೆಡ್ಡಿಗೆ ಹೋಗದಿದ್ದರೆ ಅಲ್ಲಿ ಇಲಿಯೂ ಕಡಿಮೆ, ನೊಣವೂ ಕಡಿಮೆ, ನಾತವೂ ಕಡಿಮೆ.

ಎರಡನೆಯದು ಒಣ ಕಸ. ಹಾಲಿನ ಕವರು, ಬಾಟಲಿಗಳನ್ನು ಒಮ್ಮೆ ನೀರಿನಲ್ಲಿ ಜಾಲಾಡಿಸಿ, ಒಣಗಿಸಿ, ಬೇರೆ ಚೀಲದಲ್ಲಿ ಇಡಿ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ಗಾಡಿಯವರ ಕೈಗೆ ಕೊಡುವಾಗ ‘ಇದರಲ್ಲಿ ಗಾಜು ಇದೆ’ ಎಂದು ಬಾಯಿಬಿಟ್ಟು ಹೇಳಿ. ಒಂದು ಮಾತು ಒಂದು ಬೆರಳನ್ನು ಉಳಿಸುತ್ತದೆ.

ಮೂರನೆಯದು ಮೈಲಿಗೆ ವಸ್ತುಗಳು. ಮುಟ್ಟಿನ ಪ್ಯಾಡು, ಮಗುವಿನ ಡೈಪರ್, ಗಾಯಕ್ಕೆ ಕಟ್ಟಿದ ಬಟ್ಟೆ. ಇವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಿ. ಗುರುತು ಕಂಡರೆ ಷೆಡ್ಡಿನವರು ಬಿಚ್ಚುವುದಿಲ್ಲ.

ನಾಲ್ಕನೆಯದು ಅಪಾಯದ ವಸ್ತುಗಳು. ಸೂಜಿ, ಬ್ಲೇಡು, ಬ್ಯಾಟರಿ, ಟ್ಯೂಬ್‌ಲೈಟು, ಅವಧಿ ಮೀರಿದ ಮಾತ್ರೆ, ಬಣ್ಣದ ಡಬ್ಬಿ, ಕ್ರಿಮಿನಾಶಕದ ಡಬ್ಬಿ. ಸೂಜಿಗಳನ್ನು ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಮುಕ್ಕಾಲು ತುಂಬಿದ ಮೇಲೆ ಬಿಗಿಯಾಗಿ ಮುಚ್ಚಿ, ಎಲ್ಲಿಗೆ ಒಪ್ಪಿಸಬೇಕೆಂದು ಪಂಚಾಯಿತಿಯಲ್ಲಿ ಅಥವಾ ಆರೋಗ್ಯ ಕೇಂದ್ರದಲ್ಲಿ ಕೇಳಿ ಅಲ್ಲಿಗೇ ಒಪ್ಪಿಸಿ. ದನಕ್ಕೆ ಇಂಜೆಕ್ಷನ್ ಕೊಡಲು ಬಂದವರನ್ನು ಸೂಜಿ ವಾಪಸು ಒಯ್ಯುವಂತೆ ಕೇಳಿಕೊಳ್ಳಿ. ಒಲೆಯ ಬೂದಿಯ ಮೇಲೆ ನೀರು ಹಾಕಿ ಪೂರಾ ಆರಿದ ಮೇಲೆ ತಿಪ್ಪೆಗೆ ಹಾಕಿ. ಗಾಡಿಗೆ ಎಂದೂ ಹಾಕಬೇಡಿ.

ಔಷಧಿ ಡಬ್ಬಿಯ ವಿಚಾರ

ಕ್ರಿಮಿನಾಶಕದ ಡಬ್ಬಿಯ ಮೇಲಿನ ತ್ರಿಕೋನವನ್ನು ನೋಡಿರುತ್ತೀರಿ. ಕೆಂಪು ತ್ರಿಕೋನ ಅತ್ಯಂತ ಘೋರ ವಿಷ, ಹಳದಿ ಘೋರ ವಿಷ, ನೀಲಿ ಮಧ್ಯಮ, ಹಸಿರು ಕಡಮೆ. ಹಸಿರೆಂದರೆ ವಿಷವಲ್ಲವೆಂದು ಅರ್ಥವಲ್ಲ.

ಡಬ್ಬಿ ಖಾಲಿಯಾದ ಕೂಡಲೇ, ಹೊಲದಲ್ಲೇ ಹೀಗೆ ಮಾಡಿ. ಡಬ್ಬಿಯ ಕಾಲು ಭಾಗ ನೀರು ಹಾಕಿ, ಮುಚ್ಚಿ, ಚೆನ್ನಾಗಿ ಅಲುಗಿಸಿ, ಆ ನೀರನ್ನು ಸಿಂಪರಣೆ ಕ್ಯಾನಿಗೇ ಸುರಿಯಿರಿ. ಹೀಗೆ ಮೂರು ಸಲ ತೊಳೆಯಬೇಕು. ಇದರಿಂದ ಎರಡು ಲಾಭ. ದುಡ್ಡು ಕೊಟ್ಟ ಔಷಧಿಯ ಕಡೆಯ ತೊಟ್ಟೂ ಬೆಳೆಗೆ ಸೇರುತ್ತದೆ. ಡಬ್ಬಿಯಲ್ಲಿ ವಿಷ ಬಹುಮಟ್ಟಿಗೆ ಉಳಿಯುವುದಿಲ್ಲ. ಅನಂತರ ಡಬ್ಬಿಗೆ ಮೊಳೆಯಿಂದ ತೂತು ಮಾಡಿ. ಯಾರೂ ಅದರಲ್ಲಿ ಎಣ್ಣೆ, ಮಜ್ಜಿಗೆ ತುಂಬಿಡಲು ಆಗಬಾರದು. ತೊಳೆದ ಡಬ್ಬಿಗಳನ್ನು ಬೇರೆ ಗೋಣಿಚೀಲದಲ್ಲಿ, ಮಕ್ಕಳಿಗೆ ಎಟುಕದಂತೆ ಇಟ್ಟು, ಅಪಾಯದ ವಸ್ತುವೆಂದು ಹೇಳಿ ಕೊಡಿ. ಒಣ ಕಸದ ಜೊತೆ ಬೆರೆಸಬೇಡಿ. ಸುಡಬೇಡಿ. ಕೆರೆ, ಹಳ್ಳ, ವೇದಾವತಿಯ ಕಾಲುವೆಗಳಿಗೆ ಎಸೆಯಬೇಡಿ. ತೊಳೆದ ನೀರನ್ನು ಬಾವಿಯ ಬಳಿ ಚೆಲ್ಲಬೇಡಿ.

ಪಂಚಾಯಿತಿಯವರು ಒದಗಿಸಬೇಕಾದ್ದು

ಕೇಂದ್ರ ಸರ್ಕಾರ ೨೦೧೬ರಲ್ಲಿ ಹೊರಡಿಸಿದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸದ ಕೆಲಸ ಮಾಡುವ ಎಲ್ಲರಿಗೂ ಸಮವಸ್ತ್ರ, ಹೊಳೆಯುವ ಮೇಲಂಗಿ, ಕೈಗವಸು, ಮಳೆಯಂಗಿ, ತಕ್ಕ ಪಾದರಕ್ಷೆ, ಮುಖಗವಸು ಇವನ್ನು ಕೊಡತಕ್ಕದ್ದೆಂದೂ ಅವು ಬಳಕೆಯಾಗುವಂತೆ ನೋಡಿಕೊಳ್ಳತಕ್ಕದ್ದೆಂದೂ ವಿಧಿಸಿದವು. ಆದರೆ ಕೊಡುವುದರಲ್ಲೂ ಒಂದು ಕ್ರಮವಿದೆ.

ಕೈಗವಸು ಕೈಯ ಅಳತೆಗೆ ಸರಿಯಾಗಿರಬೇಕು. ಗಂಡಸರ ಅಳತೆಯ ದೊಡ್ಡ ಕೈಗವಸನ್ನು ಹೆಣ್ಣುಮಕ್ಕಳಿಗೆ ಕೊಟ್ಟರೆ ಅದು ಜಾರುತ್ತದೆ. ಜಾರುವುದನ್ನು ಅವರು ತೆಗೆದಿಡುತ್ತಾರೆ. ಬಟ್ಟೆಯ ಕೈಗವಸು ಕೊಳೆಯ ನೀರನ್ನು ಹೀರಿ ಕೈಗೇ ಹಿಡಿದಿಡುತ್ತದೆ. ಆಸ್ಪತ್ರೆಯ ತೆಳು ಕೈಗವಸು ಹರಿಯುತ್ತದೆ. ಮೊಣಕೈವರೆಗೆ ಬರುವ ದಪ್ಪ ರಬ್ಬರಿನದು ಬೇಕು. ಹರಿದ ದಿನವೇ ಬದಲು ಸಿಗಬೇಕು. ಮುಖಕ್ಕೆ ಕಟ್ಟಿದ ಸೆರಗು ಅಥವಾ ಟವೆಲು ಸಣ್ಣ ಧೂಳನ್ನು ತಡೆಯುವುದಿಲ್ಲ. ಎನ್-೯೫ ಎಂಬ ಜಾತಿಯ ಮುಖಗವಸು ತಡೆಯುತ್ತದೆ. ಚಪ್ಪಲಿ ಸಾಲದು, ಬೂಟು ಬೇಕು.

ಬೇಸಿಗೆಯಲ್ಲಿ ತಗಡಿನ ಷೆಡ್ಡಿನೊಳಗೆ ರಬ್ಬರು ತೊಟ್ಟು ನಿಲ್ಲುವುದು ಎಷ್ಟು ಕಷ್ಟವೆಂಬುದನ್ನು ಹಿರಿಯೂರಿನ ಬಯಲಿನವರಿಗೆ ವಿವರಿಸಬೇಕಾಗಿಲ್ಲ. ಬೆವರಿ ಬೆಂದು ಕೈಗವಸು ತೆಗೆದವರನ್ನು ಗದರಿಸಿ ಫಲವಿಲ್ಲ. ವಿಂಗಡಿಸುವ ಕೆಲಸವನ್ನು ಬೆಳಗಿನ ತಂಪಿನಲ್ಲೇ ಮುಗಿಸುವಂತೆ ವೇಳೆ ಹೊಂದಿಸಬೇಕು. ನಡುವೆ ವಿರಾಮ, ಕುಡಿಯುವ ನೀರು, ಗಾಳಿಯಾಡುವ ಕಿಟಕಿ ಇರಬೇಕು.

ಇದಲ್ಲದೆ ಬೇಕಾದವು ಇವು:

ಸೊಂಟದ ಎತ್ತರದ ವಿಂಗಡಣೆ ಮೇಜು. ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಆರಿಸಿದರೆ ಸೊಂಟ, ಮಂಡಿ ಸೋಲುತ್ತವೆ. ರಾಶಿಯೊಳಗೆ ಕಾಣದೆ ಕೈ ಹಾಕಬೇಕಾಗುತ್ತದೆ.

ಸಾಬೂನು, ನಲ್ಲಿಯ ನೀರು, ಬಟ್ಟೆ ಬದಲಾಯಿಸುವ ಕೋಣೆ, ಕಕ್ಕಸು. ಊಟಕ್ಕೆ ಕಸದಿಂದ ದೂರವಾದ ಜಾಗ.

ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಮರಳು ತುಂಬಿದ ಬಕೆಟ್ಟುಗಳು, ಬೆಂಕಿ ಆರಿಸುವ ಸಿಲಿಂಡರು.

ಧನುರ್ವಾಯು ತಡೆಯುವ ಲಸಿಕೆ ಹಾಗೂ ಹೆಪಟೈಟಿಸ್ ಬಿ ಲಸಿಕೆ. ಎರಡನೆಯದನ್ನು ಆರು ತಿಂಗಳಲ್ಲಿ ಮೂರು ಸಲ ಹಾಕಿಸಬೇಕು. ಒಂದಕ್ಕೇ ನಿಲ್ಲಿಸಿದರೆ ಪೂರ್ಣ ಫಲವಿಲ್ಲ. ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ.

ಗಾಯಗಳ ಪುಸ್ತಕ. ಯಾರಿಗೆ, ಎಂದು, ಯಾವುದರಿಂದ ಗಾಯವಾಯಿತು ಎಂದು ಬರೆದಿಟ್ಟರೆ ತಿಂಗಳ ಕೊನೆಯಲ್ಲಿ ದೋಷ ಎಲ್ಲಿದೆಯೆಂದು ತಿಳಿಯುತ್ತದೆ. ಒಂದೇ ಬೀದಿಯ ಕಸದಲ್ಲಿ ಮತ್ತೆ ಮತ್ತೆ ಗಾಜು ಬಂದರೆ ಆ ಬೀದಿಗೆ ಹೋಗಿ ಹೇಳಬಹುದು.

ಅಪಘಾತ ವಿಮೆ. ೨೦೧೫ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ೨೦೨೨ರಿಂದ ವರ್ಷದ ಕಂತು ೨೦ ರೂಪಾಯಿ; ೧೮ರಿಂದ ೭೦ ವರ್ಷದವರು ಬ್ಯಾಂಕಿನಲ್ಲಿ ಸೇರಬಹುದು; ಅಪಘಾತದಿಂದ ಮರಣವಾದರೆ ಮನೆಯವರಿಗೆ ೨ ಲಕ್ಷ ರೂಪಾಯಿ. ಷೆಡ್ಡಿನ ಒಬ್ಬರೂ ಇದರಿಂದ ಹೊರಗೆ ಉಳಿಯದಂತೆ ನೋಡಿಕೊಳ್ಳುವುದು ಕಷ್ಟದ ಕೆಲಸವಲ್ಲ.

ಕೆಲಸಗಾರರು ಪಾಲಿಸಬೇಕಾದ್ದು

ನಿಮ್ಮ ಮನೆಯವರಾರಾದರೂ ಈ ಕೆಲಸದಲ್ಲಿದ್ದರೆ ಈ ಕೆಳಗಿನದನ್ನು ಓದಿ ಹೇಳಿ.

ಚೀಲದೊಳಗೆ ಕೈ ತೂರಿಸಬೇಡಿ. ಮೇಜಿನ ಮೇಲೆ ಸುರಿದು ಆರಿಸಿ. ಚೀಲವನ್ನು ಮೈಗೆ ಒತ್ತಿಕೊಂಡು ಹೊರಬೇಡಿ, ಒಳಗಿನ ಗಾಜು ತೊಡೆಗೆ ಇರಿಯಬಹುದು. ಭಾರವಾದ ಕಟ್ಟನ್ನು ಇಬ್ಬರು ಸೇರಿ ಎತ್ತಿ. ಗುಡಿಸುವ ಮೊದಲು ಸ್ವಲ್ಪ ನೀರು ಚಿಮುಕಿಸಿ. ಸೆರಗು ಸಿಕ್ಕಿಸಿ, ಕೂದಲು ಕಟ್ಟಿ, ಮೇಲೆ ಅಂಗಿ ತೊಟ್ಟು ಯಂತ್ರದ ಬಳಿ ಹೋಗಿ. ಯಂತ್ರದಲ್ಲಿ ಏನಾದರೂ ಸಿಕ್ಕಿಕೊಂಡರೆ ಕರೆಂಟಿನ ಮುಖ್ಯ ಸ್ವಿಚ್ಚು ಆರಿಸಿದ ಮೇಲೆಯೇ ಕೈ ಹಾಕಿ. ಸ್ವಿಚ್ಚಿನ ಬಳಿ ಒಬ್ಬರು ನಿಂತಿರಲಿ. ಗಾಡಿ ಹಿಂದಕ್ಕೆ ಬರುವಾಗ ಒಬ್ಬರು ಪಕ್ಕದಲ್ಲಿ ನಿಂತು ಕೈಸನ್ನೆ ಮಾಡಲಿ, ಉಳಿದವರು ದೂರ ಸರಿಯಿರಿ. ಕಸದ ರಾಶಿಯ ಮೇಲೆ ಕುಳಿತು ಪ್ರಯಾಣ ಮಾಡಬೇಡಿ. ಬ್ಯಾಟರಿಗಳನ್ನು ಒಣ ಮರಳಿನ ಬಕೆಟ್ಟಿನಲ್ಲಿ ಬೇರೆಯಾಗಿಡಿ. ಬ್ಲೀಚಿಂಗ್ ಪುಡಿಗೆ ಕಕ್ಕಸು ತೊಳೆಯುವ ಆಸಿಡ್ಡನ್ನು ಎಂದೂ ಬೆರೆಸಬೇಡಿ. ಉಸಿರುಗಟ್ಟಿಸುವ ವಿಷಗಾಳಿ ಏಳುತ್ತದೆ. ಊಟಕ್ಕೆ, ಎಲೆಅಡಿಕೆಗೆ ಮೊದಲು ಮೊಣಕೈವರೆಗೆ ಸಾಬೂನಿನಿಂದ ತೊಳೆಯಿರಿ. ಕೆಲಸದ ಬಟ್ಟೆಯನ್ನು ಮನೆಯ ಬಟ್ಟೆಯ ಜೊತೆ ಒಗೆಯಬೇಡಿ. ಅದೇ ಬಟ್ಟೆಯಲ್ಲಿ ಮಗುವನ್ನು ಎತ್ತಿಕೊಳ್ಳಬೇಡಿ.

ಅಪಘಾತವಾದರೆ

ಸೂಜಿ ಚುಚ್ಚಿದರೆ ಗಾಯವನ್ನು ಹಿಂಡಬೇಡಿ, ಬಾಯಿಂದ ಹೀರಬೇಡಿ, ಸುಣ್ಣ ಅರಿಸಿನ ಮೆತ್ತಬೇಡಿ. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ಎಚ್.ಐ.ವಿ. ತಡೆಯುವ ಮಾತ್ರೆಗಳನ್ನು ಎರಡು ಗಂಟೆಯೊಳಗೆ ಆರಂಭಿಸುವುದು ಉತ್ತಮ. ೭೨ ಗಂಟೆ ಮೀರಿದರೆ ಉಪಯೋಗವಿಲ್ಲ. ‘ನಾಳೆ ನೋಡೋಣ’ ಎಂಬ ಮಾತು ಇಲ್ಲಿ ನಡೆಯದು.

ಕ್ರಿಮಿನಾಶಕ ಮೈಗೆ ತಾಗಿದರೆ ಬಟ್ಟೆ ತೆಗೆದು ಸಾಬೂನು ನೀರಿನಿಂದ ತೊಳೆಯಿರಿ. ಕಣ್ಣಿಗೆ ಬಿದ್ದರೆ ೧೫ ನಿಮಿಷ ಶುದ್ಧ ನೀರು ಹಾಯಿಸಿ. ಬೆವರು, ಬಾಯಲ್ಲಿ ಜೊಲ್ಲು, ಕಣ್ಣು ಮಂಜಾಗುವುದು, ವಾಂತಿ ಕಂಡರೆ ತಡಮಾಡದೆ ೧೦೮ಕ್ಕೆ ಕರೆ ಮಾಡಿ. ಬಲವಂತವಾಗಿ ವಾಂತಿ ಮಾಡಿಸಬೇಡಿ. ಡಬ್ಬಿಯನ್ನು ಅಥವಾ ಅದರ ಚೀಟಿಯನ್ನು ವೈದ್ಯರಿಗೆ ತೋರಿಸಿ. ಗುಂಡಿಯಲ್ಲಿ ಯಾರಾದರೂ ಬಿದ್ದರೆ ಹಿಂದೆಯೇ ಇಳಿಯಬೇಡಿ. ಅಗ್ನಿಶಾಮಕ ದಳಕ್ಕೆ ೧೦೧ ಅಥವಾ ೧೧೨ಕ್ಕೆ ಕರೆ ಮಾಡಿ.

ಗ್ರಾಮಸಭೆಯಲ್ಲಿ ಕೇಳಿರಿ

ನಮ್ಮ ನಾಡಿನಲ್ಲಿ ತಲೆಯ ಮೇಲೆ ಮಲ ಹೊರಿಸುವ ಪದ್ಧತಿಯೂ ಇತ್ತು. ಅದು ಹಣೆಬರಹವೆಂದು ಜನ ತಿಳಿದಿದ್ದರು. ೧೯೭೦ರ ದಶಕದಲ್ಲಿ ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ಅದನ್ನು ನಿಷೇಧಿಸಿದರು. ಹಣೆಬರಹವೆಂದು ತಿಳಿದದ್ದು ಮನುಷ್ಯ ಮಾಡಿದ ಏರ್ಪಾಡು ಮಾತ್ರವೆಂದು ಆಗ ಗೊತ್ತಾಯಿತು. ಕಸದ ಕೆಲಸದಲ್ಲಿ ಕೈ ಕೊಯ್ದುಕೊಳ್ಳುವುದು, ಕೆಮ್ಮುತ್ತ ಬಾಳುವುದು ಇವೂ ಹಣೆಬರಹವಲ್ಲ.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸುವಾಗ ‘ಮಾಡಿದಷ್ಟು ನೀಡು ಭಿಕ್ಷೆ’ ಎಂದು ಹೇಳಿ ದುಡಿದವರಿಗೆ ದುಡಿದಷ್ಟು ಕೂಲಿ ದೊರಕಿಸಿದರೆಂದು ನಮ್ಮ ಜಿಲ್ಲೆಯ ಜನ ಇಂದಿಗೂ ಹೇಳುತ್ತಾರೆ. ಕಸ ಆರಿಸುವವರು ಮಾಡುವ ಕೆಲಸಕ್ಕೆ ನಾವು ನೀಡಬೇಕಾದುದರಲ್ಲಿ ಕೂಲಿಯ ಜೊತೆಗೆ ಅವರ ಮೈಯ ಕ್ಷೇಮವೂ ಸೇರಿದೆ.

ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ ಈ ಐದು ಪ್ರಶ್ನೆಗಳನ್ನು ಕೇಳಿ. ಷೆಡ್ಡಿನವರಿಗೆ ಅಳತೆಗೆ ಸರಿಯಾದ ಕೈಗವಸು, ಬೂಟು ಸಿಕ್ಕಿವೆಯೇ? ಲಸಿಕೆ ಮೂರೂ ಸಲ ಆಗಿದೆಯೇ? ಷೆಡ್ಡಿನಲ್ಲಿ ನೀರು, ಸಾಬೂನು, ಕಕ್ಕಸು ಇವೆಯೇ? ವಿಮೆಗೆ ಎಲ್ಲರೂ ಸೇರಿದ್ದಾರೆಯೇ? ಗಾಯಗಳ ಪುಸ್ತಕದಲ್ಲಿ ಕಳೆದ ತಿಂಗಳು ಏನು ಬರೆದಿದೆ? ಆ ಸಭೆಯಲ್ಲಿ ಷೆಡ್ಡಿನ ಹೆಣ್ಣುಮಕ್ಕಳನ್ನೂ ಮುಂದಿನ ಸಾಲಿನಲ್ಲಿ ಕೂರಿಸಿ ಮಾತನಾಡಲು ಬಿಡಿ. ಯಾವ ಬೀದಿಯಿಂದ ಗಾಜು ಬರುತ್ತದೆ, ಯಾವ ತೋಟದಿಂದ ತೊಳೆಯದ ಡಬ್ಬಿ ಬರುತ್ತದೆ ಎಂಬುದು ಅವರಿಗೆ ಗೊತ್ತು.

ಸಭೆಯವರೆಗೆ ಕಾಯಬೇಕಾಗಿಲ್ಲದ ಕೆಲಸವೂ ಒಂದಿದೆ. ಇಂದು ಸಂಜೆ ಹಿತ್ತಲಿನಲ್ಲಿ ಒಂದು ಗಟ್ಟಿ ಡಬ್ಬಿಯನ್ನೂ ಒಂದು ಗೋಣಿಚೀಲವನ್ನೂ ಬೇರೆಯಾಗಿ ಇಡಿ. ಡಬ್ಬಿ ಸೂಜಿ ಬ್ಲೇಡುಗಳಿಗೆ, ಚೀಲ ತೊಳೆದು ತೂತು ಮಾಡಿದ ಔಷಧಿ ಡಬ್ಬಿಗಳಿಗೆ. ನಾಳೆ ಬೆಳಿಗ್ಗೆ ಗಾಡಿ ಬಂದಾಗ ಅದನ್ನು ನಡೆಸುವ ತಾಯಿಗೆ ಯಾವುದರಲ್ಲಿ ಏನಿದೆ ಎಂದು ತಿಳಿಸಿ ಕೊಡಿ.